ನಾಯಿಯ ಕೆಮ್ಮು ಶೀತವೇ, ಹುಳುವೇ?

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ಸೊಸೈಟಿಯ ಕಾಂಪೌಂಡ್ ಗೋಡೆ, ಹೂಕುಂಡ, ಗಟಾರದ ಅಂಚುಗಳಲ್ಲೆಲ್ಲ ಬಸವನಹುಳುಗಳು ಕಾಣಿಸಿಕೊಳ್ಳುತ್ತವೆ. ಅದೇ ಸಮಯಕ್ಕೆ ಸಾಕುನಾಯಿ ಕೆಮ್ಮತೊಡಗಿದರೆ ಶೀತವಾಗಿದೆ ಎಂದು ಮಕ್ಕಳ ಕೆಮ್ಮಿನ ಔಷಧಿಯನ್ನೇ ಒಂದು ಚಮಚ ಕುಡಿಸುವವರಿದ್ದಾರೆ. ಕೆಮ್ಮಿಗೆ ಹುಳುವೂ ಕಾರಣವಾಗಿರಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ನಾಯಿಯ ಶ್ವಾಸಕೋಶದ ಹುಳುಗಳಲ್ಲಿ ಅಪಾಯಕಾರಿಯಾದುದು ಆಂಜಿಯೋಸ್ಟ್ರಾಂಜಿಲಸ್ ವಸೋರಮ್. 1853ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಪತ್ತೆಯಾದ ಇದು ಇಂದು ಬ್ರಿಟನ್ ಸೇರಿದಂತೆ ಯೂರೋಪಿನಲ್ಲಿ ನಾಯಿ ಸಾಕುವವರ ನಿದ್ದೆಗೆಡಿಸಿದೆ. ಸುಮಾರು 2 ಸೆಂಟಿಮೀಟರ್ ಉದ್ದದ ಹುಳು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ವಾಸಿಸುತ್ತದೆ. ಮೊಟ್ಟೆಯೊಡೆದ ಮರಿಹುಳುಗಳು ಕೆಮ್ಮಿನೊಂದಿಗೆ ಗಂಟಲಿಗೆ ಬಂದು, ನುಂಗಲ್ಪಟ್ಟು, ಮಲದಲ್ಲಿ ಹೊರಬೀಳುತ್ತವೆ. ಆ ಮಲವನ್ನು ಬಸವನಹುಳು ತಿನ್ನುತ್ತದೆ, ಬಸವನಹುಳುವನ್ನು ಇನ್ನೊಂದು ನಾಯಿ ತಿನ್ನುತ್ತದೆ. ಕೆಮ್ಮು, ಏದುಸಿರು ಮಾತ್ರವಲ್ಲ, ಸಣ್ಣ ಗಾಯದ ರಕ್ತವೂ ನಿಲ್ಲದಿರುವುದು ಇದರ ಲಕ್ಷಣ. ಇದರದೇ ಕುಲದ, ಇಲಿಗಳಲ್ಲಿ ಬೆಳೆಯುವ ಇನ್ನೊಂದು ಹುಳು ಮುಂಬಯಿಯ ಇಲಿಗಳಲ್ಲಿರುವುದನ್ನು ಸಂಶೋಧಕರು 1980ರ ದಶಕದಲ್ಲೇ ದಾಖಲಿಸಿದ್ದಾರೆ. ಅದು ನಾಯಿಯನ್ನು ಸೇರಿದರೆ ಕೆಡಿಸುವುದು ಉಸಿರನ್ನಲ್ಲ, ಮೆದುಳು ಮತ್ತು ಬೆನ್ನುಹುರಿಯನ್ನು.

ಆದರೆ ನಮ್ಮ ಕಟ್ಟಡಗಳ ಕೆಳಗೆ ಹುಟ್ಟುವ ಬೀದಿನಾಯಿ ಮರಿಗಳ ಮಟ್ಟಿಗೆ ಮೊದಲು ಶಂಕಿಸಬೇಕಾದುದು ಯೂರೋಪಿನ ಹುಳುವನ್ನಲ್ಲ, ಸಾಮಾನ್ಯ ಜಂತುಹುಳುವನ್ನು. ಟಾಕ್ಸೊಕಾರಾ ಎಂಬ ಈ ಹುಳು ತಾಯಿಯ ಗರ್ಭದಲ್ಲೇ ಮರಿಗೆ ಅಂಟುತ್ತದೆ. ಕರುಳಿಗೆ ಸೇರುವ ಮುನ್ನ ಶ್ವಾಸಕೋಶದ ಮೂಲಕ ಹಾದುಹೋಗುತ್ತದೆ. ಹುಳು ಹೆಚ್ಚಿದ್ದರೆ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ನ್ಯುಮೋನಿಯಾದಿಂದ ಸಾಯುವುದುಂಟು. ಇದರ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ಆಟವಾಡುವ ಮಕ್ಕಳ ಕೈಯಿಂದ ಬಾಯಿಗೂ ಹೋಗಬಲ್ಲವು. ಕಣ್ಣಿಗೆ ಹಾನಿಯಾದ ಪ್ರಕರಣಗಳಿವೆ. ಮರಿಗೆ ಎರಡು ವಾರವಾದಾಗಲೇ ಹುಳುವಿನ ಔಷಧಿ ಆರಂಭಿಸಿ, ಎರಡೆರಡು ವಾರಕ್ಕೊಮ್ಮೆ ಮುಂದುವರಿಸಬೇಕೆನ್ನುವುದು ಇದೇ ಕಾರಣಕ್ಕೆ. ಮರಿಗೆ ಹಾಲು ಹಾಕುವ ಪುಣ್ಯವಂತರು ಬಹಳ ಮಂದಿ, ಔಷಧಿ ಹಾಕಿಸುವವರು ಕಡಿಮೆ.

ಕೆಮ್ಮುವ ನಾಯಿಯನ್ನು ವೈದ್ಯರಲ್ಲಿಗೆ ಒಯ್ಯುವಾಗ ಮಲದ ಮಾದರಿಯನ್ನೂ ಒಯ್ಯಿರಿ. ನಾಯಿ ಬಸವನಹುಳು ತಿನ್ನುವುದಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಶ್ವಾಸಕೋಶದ ಹುಳುವಿನ ಮರಿಗಳನ್ನು ಹುಡುಕುವ ಪರೀಕ್ಷೆಯೇ ಬೇರೆ. ಅದಕ್ಕೆ ಮೂರು ದಿನಗಳ ಮಲ ಬೇಕಾಗುತ್ತದೆ. ಕೆಮ್ಮಿಗೆ ಹೃದಯದ ಕಾಯಿಲೆ, ಡಿಸ್ಟೆಂಪರ್ ಮೊದಲಾದ ಕಾರಣಗಳೂ ಇರುವುದರಿಂದ ಎಕ್ಸ್‌ರೇ ಬೇಕಾದೀತು. ಮನುಷ್ಯರ ಐಬುಪ್ರೊಫೆನ್ ಮಾತ್ರೆ ಮಾತ್ರ ಖಂಡಿತ ಕೊಡಬಾರದು. ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ನಿದ್ರಿಸುತ್ತಿರುವ ನಾಯಿಯ ಉಸಿರನ್ನು ಒಂದು ನಿಮಿಷ ಎಣಿಸಿ ನೋಡಿ. ಪದೇ ಪದೇ 30ಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಬೇಕು. ಒಸಡು, ನಾಲಗೆ ನೀಲಿಯಾದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಪರೇಲಿನಲ್ಲಿ ಹಳೆಯ ಮುಂಬಯಿಕಾರರು ‘ಬೈಲ್ ಘೋಡಾ’ ಎಂದೇ ಕರೆಯುವ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಯಿದೆ. ಉಪನಗರಗಳಲ್ಲಿರುವವರು ಹತ್ತಿರದ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಬಹುದು. ಮಳೆಗಾಲ ಮುಗಿಯುವ ತನಕ ಅನ್ನದ ಬಟ್ಟಲನ್ನು ರಾತ್ರಿ ಹೊರಗಿಡದಿರುವುದು ಒಳ್ಳೆಯದು. ಅಕ್ಕಿಕಾಳಿನಷ್ಟು ಪುಟ್ಟ ಬಸವನಹುಳು ಅನ್ನದ ಜತೆ ಹೊಟ್ಟೆ ಸೇರಿದರೆ ನಾಯಿಗೂ ತಿಳಿಯುವುದಿಲ್ಲ.