ಬೇಸಿಗೆಯ ರಜೆಯೂ ಉಳವಿ ಸೀಮೆಯ ಮಕ್ಕಳೂ

ಈ ಸ್ಮರಣ ಸಂಚಿಕೆಗೆ ನಾವೂ ಒಂದು ಲೇಖನವನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ಶಾಲೆಯು ನಡೆಯುವ ಹತ್ತು ತಿಂಗಳುಗಳ ವಿಷಯವನ್ನು ಬರೆಯುವವರು ಅನೇಕರಿರುವರು. ಆದಕಾರಣ ನಾವು ಶಾಲೆಯ ಬಾಗಿಲು ಮುಚ್ಚಿರುವ ಏಪ್ರಿಲ್, ಮೇ ತಿಂಗಳುಗಳನ್ನು ಆರಿಸಿಕೊಂಡಿದ್ದೇವೆ. ಇದಕ್ಕೊಂದು ಕಾರಣವುಂಟು. ಕಳೆದ ವರ್ಷ ರಜೆಯು ಆರಂಭವಾದ ದಿನ, ಮಗಳನ್ನು ವಸತಿಗೃಹದಿಂದ ಕರೆದೊಯ್ಯಲು ಉಳವಿಯ ಕಡೆಯಿಂದ ಬಂದಿದ್ದ ತಾಯಿಯೊಬ್ಬರು ನಮ್ಮ ಪ್ರಕಟಣೆಯ ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅದರ ಮೇಲೆ ಪಟ್ಟಣದ ಬೇಸಿಗೆ ಶಿಬಿರಗಳ ಜಾಹೀರಾತುಗಳನ್ನು ನಮ್ಮ ಕಚೇರಿಯವರೇ ಅಂಟಿಸಿದ್ದರು. ಶುಲ್ಕದ ಅಂಕಿಯನ್ನು ಓದಿ ಆಕೆಯು, ಅಲ್ಲಿಗೆ ಹೋಗದ ಮಕ್ಕಳು ಹಿಂದೆ ಬೀಳುವರೋ ಎಂದು ನಮ್ಮನ್ನು ಕೇಳಿದರು. ಹಾಗೇನೂ ಇಲ್ಲ, ನಿಮ್ಮ ಸೀಮೆಯಲ್ಲಿಯೇ ನೋಡತಕ್ಕದ್ದೂ ಮಾಡತಕ್ಕದ್ದೂ ಬೇಕಾದಷ್ಟಿವೆ, ಮಗಳನ್ನು ಕರೆದುಕೊಂಡು ಹೋಗಿರಿ ಎಂದು ನಾವು ಸುಲಭವಾಗಿ ಹೇಳಿಬಿಟ್ಟೆವು. ಆಕೆ ಕೊಟ್ಟ ಉತ್ತರವನ್ನು ಮುಂದೆ ತಿಳಿಸುವೆವು.

ಉಳವಿ ಎಂದೊಡನೆ ಅನೇಕರಿಗೆ ಉತ್ತರ ಕನ್ನಡ ಜಿಲ್ಲೆಯಲ್ಲಿರುವ ಚನ್ನಬಸವಣ್ಣನವರ ಕ್ಷೇತ್ರವು ನೆನಪಿಗೆ ಬರುವುದು. ನಾವು ಹೇಳುವುದು ಸೊರಬ ತಾಲ್ಲೂಕಿನ ಹೋಬಳಿಯ ಊರಾದ ಉಳವಿಯನ್ನು. ಈ ಸೀಮೆಯಿಂದಲೂ ನೆರೆಯ ಶಿಕಾರಿಪುರದಿಂದಲೂ ನಮ್ಮಲ್ಲಿಗೆ ಅನೇಕ ಬಾಲಿಕೆಯರು ಬಂದು ಓದಿರುವರು. ಅವರಲ್ಲಿ ಕೆಲವರು ಈಗ ತಾವೇ ತಾಯಂದಿರಾಗಿ ಈ ಪುಟಗಳನ್ನು ಓದುತ್ತಿರಬಹುದು.

ಹಣದ ಖರ್ಚಿಲ್ಲದ ಕೆಲಸಗಳಲ್ಲಿ ನಮಗೆ ಬಹಳ ಪ್ರಿಯವಾದುದನ್ನು ಮೊದಲು ಹೇಳುತ್ತೇವೆ. ಮೂರು ಅಡಿಯ ನೇರವಾದ ಕೋಲೊಂದನ್ನು ಅಂಗಳದಲ್ಲಿ ನೆಟ್ಟಗೆ ಹುಗಿಯಿರಿ. ಏಪ್ರಿಲ್ ಎರಡನೆಯ ವಾರದಲ್ಲಿ ನಡುಹಗಲಿನ ನೆರಳು ಸುಮಾರು ನಾಲ್ಕು ಅಂಗುಲದಷ್ಟು ಉತ್ತರಕ್ಕೆ ಬಿದ್ದಿರುವುದು. ಮಕ್ಕಳು ದಿನವೂ ಅದರ ತುದಿಗೆ ಒಂದೊಂದು ಹುಣಸೆ ಬೀಜವನ್ನಿಡಲಿ. ಬೀಜಗಳು ಕೋಲಿನ ಬುಡಕ್ಕೆ ದಿನದಿನವೂ ಸಮೀಪಿಸುತ್ತ ಬರುವುವು. ಏಪ್ರಿಲ್ 28ರ ಸುಮಾರಿಗೆ ಸೂರ್ಯನು ಆ ಊರಿನ ನೆತ್ತಿಯ ಮೇಲೆಯೇ ಬರುವನು. ಅಂದು ನೆಟ್ಟ ಕೋಲಿಗೆ ನೆರಳೇ ಇರದು. ಅಲ್ಲಿಂದ ಮುಂದೆ ನೆರಳು ದಕ್ಷಿಣಕ್ಕೆ ತಿರುಗಿ, ಮೇ 20ರ ಹೊತ್ತಿಗೆ ಮತ್ತೆ ಸುಮಾರು ಅಷ್ಟೇ ಉದ್ದವಾಗುವುದು. ಇದನ್ನು ನೋಡಬೇಕಾದುದು ಹನ್ನೆರಡು ಗಂಟೆಗಲ್ಲ, ಹನ್ನೆರಡೂವರೆಗೆ ಎರಡು ಮೂರು ನಿಮಿಷ ಇರುವಾಗ. ಏಕೆಂದರೆ ನಮ್ಮ ಗಡಿಯಾರಗಳು ಪೂರ್ವಕ್ಕೆ ಬಹು ದೂರದಲ್ಲಿರುವ ರೇಖಾಂಶವೊಂದರ ಕಾಲವನ್ನು ತೋರಿಸುತ್ತವೆ. ಇದು ವರ್ಷಕ್ಕೆ ಎರಡು ಬಾರಿ ನಡೆಯುವುದಾದರೂ ಎರಡನೆಯದು ಆಗಸ್ಟ್ ನಡುವೆ ಬೀಳುವುದರಿಂದ ಮಲೆನಾಡಿನವರಿಗೆ ಪ್ರಯೋಜನವಿಲ್ಲ. ಆ ತಿಂಗಳಲ್ಲಿ ಸೂರ್ಯನ ಮುಖವನ್ನು ಕಂಡವರಾರು? ಸುಮಾರು 2200 ವರ್ಷಗಳ ಹಿಂದೆ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸನು ಈಜಿಪ್ಟಿನ ದಕ್ಷಿಣದ ಪಟ್ಟಣವೊಂದರಲ್ಲಿ ನಡುಹಗಲಿಗೆ ನೆರಳಿಲ್ಲದಿರುವುದನ್ನೂ ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ನೆರಳಿರುವುದನ್ನೂ ಹೋಲಿಸಿ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದನು. ಅವನಿಗೆ ಬೇಕಾದುದೂ ಒಂದು ಕೋಲೇ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂದು ಮಾತ್ರ ಮಕ್ಕಳಿಗೆ ಮೊದಲೇ ಹೇಳಿರಿ.

ಅದೇ ಅಂಗಳದಲ್ಲಿ ರಾತ್ರಿ ಚಾಪೆ ಹಾಸಿದರೆ ಸಪ್ತರ್ಷಿ ಮಂಡಲವು ಉತ್ತರದಲ್ಲಿ ಎತ್ತರವಾಗಿ ಕಾಣುವುದು. ವಸಿಷ್ಠನ ಪಕ್ಕದಲ್ಲಿ ಅರುಂಧತಿಯನ್ನು ಮೊದಲು ಕಂಡುಹಿಡಿಯುವವರು ಯಾರೆಂಬ ಪಂದ್ಯದಲ್ಲಿ ಅಜ್ಜಿಯರು ಸೋಲುವುದೇ ಹೆಚ್ಚು. ಧ್ರುವ ನಕ್ಷತ್ರವನ್ನು ಹುಡುಕುವವರು ಬಹಳ ಮೇಲೆ ನೋಡಬೇಕಾದುದಿಲ್ಲ. ಕೈಯನ್ನು ನೀಡಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿಯಷ್ಟು ಎತ್ತರದಲ್ಲಿ, ಉತ್ತರಕ್ಕೆ ಮರಗಳು ಅಡ್ಡವಿಲ್ಲದಿದ್ದರೆ, ಅದು ಸಿಕ್ಕುವುದು.

ಹಗಲಿನ ಬಿಸಿಲಿನಲ್ಲಿ ಮನೆಯೊಳಗೆ ಇರಬೇಕಾದ ಹೊತ್ತಿಗೆ ಅಳಗುಳಿಮಣೆಯುಂಟು. ಹದಿನಾಲ್ಕು ಗುಳಿಗಳಿಗೆ ಐದೈದರಂತೆ ಎಪ್ಪತ್ತು ಬೀಜಗಳನ್ನು ಹಂಚಿ ಆಡುವ ಮಗುವು ತನಗೆ ತಿಳಿಯದೆಯೇ ಲೆಕ್ಕ ಕಲಿಯುವುದು. ಮಣೆಯಿಲ್ಲದ ಮನೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗುರುತುಗಳು ಸಾಕು. ಬೀಜಕ್ಕೆ ಹುಣಸೆಯದೇ ಒಳ್ಳೆಯದು. ಗುಲಗಂಜಿ ಅಂದವಾಗಿದ್ದರೂ ವಿಷವುಳ್ಳದ್ದಾದುದರಿಂದ ಚಿಕ್ಕ ಮಕ್ಕಳಿರುವಲ್ಲಿ ಅದನ್ನು ಇಡಲೇಬಾರದು. ಇನ್ನು ಸೊರಬ, ಸಾಗರ ಸೀಮೆಯ ದೀವರ ಮನೆಗಳಲ್ಲಿ ಹಿರಿಯ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ಕಲಿಯುವುದಕ್ಕೆ ರಜೆಗಿಂತ ಒಳ್ಳೆಯ ಕಾಲವಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯನ್ನು ಅರೆದ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿ, ಪುಂಡಿ ನಾರಿನ ಕುಂಚ, ಇವುಗಳಲ್ಲಿ ಯಾವುದನ್ನೂ ಅಂಗಡಿಯಿಂದ ತರಬೇಕಾಗಿಲ್ಲ. ಅಳತೆಪಟ್ಟಿಯಿಲ್ಲದೆ ಎಳೆಯ ಪಕ್ಕದಲ್ಲಿ ಎಳೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಎಳೆಯುವ ಆ ಕೈಗಳ ಮುಂದೆ ನಮ್ಮ ಚಿತ್ರಕಲೆಯ ತರಗತಿಯು ನಾಚಬೇಕಾದುದೇ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಬರೆಯುವುದೂ ಇದೇ ಚಿತ್ತಾರ. ಬೇಸಿಗೆಯಲ್ಲಿ ಕಲಿತ ಬಾಲಿಕೆಗೆ ಮಳೆಗಾಲ ಕಳೆದ ಮೇಲೆ ಬುಟ್ಟಿಗೆ ಒಂದೆರಡು ಎಳೆ ಹಾಕುವ ಅಧಿಕಾರವು ದೊರೆಯುವುದು.

ಈಗ ಕಾಡಿನ ವಿಷಯಕ್ಕೆ ಬರಬೇಕು. ಇದರಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುವುದೂ ಇದೆ. ಸೊರಬದ ಕಾನುಗಳು ಹೆಸರಾದುವು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ಒಂದು ತಾಲ್ಲೂಕಿನಲ್ಲಿಯೇ 171 ಕಾನುಗಳನ್ನು ಲೆಕ್ಕವಿಟ್ಟರು. ಇಂಥ ನಾಡಿನ ಮಕ್ಕಳು ಗಿಡಮರಗಳ ಹೆಸರನ್ನು ಅರಿಯದೆ ಬೆಳೆಯಬಾರದೆಂದು ನಾವು ಕೆಲವು ವರ್ಷಗಳ ಹಿಂದೆ ರಜೆಯ ಪಾಠವಾಗಿ ಇಪ್ಪತ್ತು ಬಗೆಯ ಎಲೆಗಳನ್ನು ಕೂಡಿಸಿ ಪುಸ್ತಕದಲ್ಲಿ ಅಂಟಿಸಿ ತರಲು ಹೇಳಿದ್ದೆವು. ಬಾಲಿಕೆಯೊಬ್ಬಳು, ಬಹಳ ಶ್ರದ್ಧೆಯುಳ್ಳವಳು, ಏಪ್ರಿಲ್ ತಿಂಗಳಲ್ಲಿ ದರಗು ತರಲು ಹೋಗುವವರ ಹಿಂದೆ ಕಾನಿನೊಳಗೆ ಹೋಗಿ ಎಲೆಗಳನ್ನು ತಂದಳು. ವಾರದೊಳಗೆ ಅವಳಿಗೆ ವಿಪರೀತ ಜ್ವರವೂ ತಲೆನೋವೂ ಬಂದುವು. ರಕ್ತಪರೀಕ್ಷೆಯಿಂದ ಅದು ಮಂಗನ ಕಾಯಿಲೆಯೆಂದು ತಿಳಿಯಿತು. ದೇವರ ದಯೆಯಿಂದ ಅವಳು ಉಳಿದಳು. ಆದರೆ ಶಾಲೆಗೆ ಮರಳಿದ್ದು ಆಗಸ್ಟ್ ತಿಂಗಳಲ್ಲಿ. ಎಲೆಯ ಪುಸ್ತಕವನ್ನು ಮಾತ್ರ ಜೂನ್ ತಿಂಗಳಲ್ಲಿಯೇ ತಂದೆಯ ಕೈಯಲ್ಲಿ ಕಳುಹಿಸಿದ್ದಳು. ಹತ್ತೊಂಬತ್ತು ಎಲೆಗಳಿದ್ದುವು. ಅದು ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿದೆ.

ಈ ರೋಗವನ್ನು ಲೋಕವು ಮೊದಲು ಅರಿತುದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಅದಕ್ಕೆ ಆ ಕಾಡಿನ ಹೆಸರೇ ನಿಂತಿದೆ. ಇದನ್ನು ತಿಳಿದೂ ನಾವು ಆ ಪಾಠವನ್ನು ಕೊಟ್ಟಿದ್ದೆವು. ರೋಗವನ್ನು ಹರಡುವುದು ಕಾಡಿನ ಉಣುಗು. ಎಳ್ಳುಕಾಳಿಗಿಂತಲೂ ಚಿಕ್ಕದಾದ ಅದರ ಮರಿಗಳು ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಣ ಎಲೆಗಳಲ್ಲಿ ಹೆಚ್ಚಾಗಿರುವುವು. ಎಂದರೆ ಮಕ್ಕಳ ರಜೆಯೂ ಅವುಗಳ ಕಾಲವೂ ಒಂದೇ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಈ ಸೀಮೆಯ ತಾಯ್ತಂದೆಗಳಿಗೆ ನಮ್ಮ ಮಾತು ಇಷ್ಟೇ: ಕಾನಿನ ನಡಿಗೆಯನ್ನು ಮಳೆ ಹಿಡಿದ ಮೇಲೆ ಇಟ್ಟುಕೊಳ್ಳಿರಿ. ಬೇಸಿಗೆಯಲ್ಲಿ ಹೋಗಲೇಬೇಕಾದ ಹಿರಿಯರು ಮೈತುಂಬ ಬಟ್ಟೆ ಹಾಕಿಕೊಂಡು, ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲವನ್ನು ಹಚ್ಚಿಕೊಂಡು ಹೋಗಿ, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡತಕ್ಕದ್ದು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಪಂಚಾಯತಿಗೋ ತಿಳಿಸತಕ್ಕದ್ದು. ಮಕ್ಕಳಿಗೆ ಮಾವು, ಹಲಸು, ನೇರಳೆ ಮನೆಯ ಹಿತ್ತಲಿನಲ್ಲಿ ಸಿಕ್ಕುವಷ್ಟೇ ಸಾಕು. ನಮ್ಮ ಎಲೆಯ ಪಾಠವು ಈಗ ಜುಲೈ ತಿಂಗಳಲ್ಲಿ ಶಾಲೆಯ ಆವರಣದಲ್ಲಿಯೇ ನಡೆಯುತ್ತದೆ.

ಕೆರೆಗಳ ವಿಷಯದಲ್ಲಿಯೂ ಇಂಥದೇ ಎಚ್ಚರಿಕೆ ಬೇಕು. ಏರಿಯ ಮೇಲೆ ನಡೆಸಿಕೊಂಡು ಹೋಗಿ ತೂಬು ಎಲ್ಲಿದೆ, ಕೋಡಿ ಎಲ್ಲಿ ಬೀಳುವುದು, ನೀರು ಯಾವ ಗದ್ದೆಗೆ ಹರಿಯುವುದು ಎಂದು ಮಕ್ಕಳಿಗೆ ತೋರಿಸುವುದು ಬಹಳ ಒಳ್ಳೆಯದು. ನೀರಿಳಿದ ಮೇಲೆ ಊರವರು ಕೂಡಿ ಬಿದಿರಿನ ಕೂಣಿ ಹಿಡಿದು ಮೀನು ಹಿಡಿಯುವ ಕೆರೆಬೇಟೆಯನ್ನು ದಡದಲ್ಲಿ ನಿಂತು ನೋಡುವ ಸಂಭ್ರಮಕ್ಕೆ ಟಿಕೇಟೂ ಇಲ್ಲ. ಆದರೆ ಯಂತ್ರದಿಂದ ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲಿಯೇ ಆಳುದ್ದದ ಗುಂಡಿಯಿರುವುದು. ಹೂಳು ತುಂಬಿದ್ದ ಕಾಲದಲ್ಲಿ ತಾವು ಈಜಿದ ಕೆರೆಯೇ ಇದೆಂದು ತಂದೆಯರು ನಂಬಿಬಿಡುವರು. ಈಜುಬಲ್ಲ ಹಿರಿಯರು ಜೊತೆಗಿಲ್ಲದೆ ಮಕ್ಕಳನ್ನು ನೀರಿಗೆ ಬಿಡಲೇಬಾರದು. ಕೃಷಿಹೊಂಡದ ಹತ್ತಿರಕ್ಕಂತೂ ಬೇಡ. ಪ್ಲಾಸ್ಟಿಕ್ ಹಾಸಿನ ಇಳುಕಲಿನಲ್ಲಿ ದೊಡ್ಡವರಿಗೂ ಹತ್ತಿ ಬರಲಾಗದು.

ಒಂದು ದಿನದ ಪ್ರಯಾಣಕ್ಕೆ ನಾವು ಶಿರಾಳಕೊಪ್ಪದ ದಾರಿಯನ್ನು ಹೇಳುವೆವು. ಅಲ್ಲಿಂದ ತಾಳಗುಂದವೂ ಬಳ್ಳಿಗಾವಿಯೂ ಸಮೀಪ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ ತಿಂಗಳಿಂದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೇಟಿನ ಹಣವಿಲ್ಲ. ಆದರೆ ನಮ್ಮ ಕಡೆ ಓಡುವುವು ಬಹಳವಾಗಿ ಖಾಸಗಿ ಬಸ್ಸುಗಳೆಂಬುದನ್ನು ಮರೆಯದೆ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿರಿ. ತಾಳಗುಂದದ ಕಂಬದ ಶಾಸನವು ಓದಲೆಂದು ಅಜ್ಜನೊಡನೆ ಕಂಚಿಗೆ ಹೋದ ಮಯೂರಶರ್ಮನು ಅಲ್ಲಿ ಅವಮಾನಕ್ಕೊಳಗಾಗಿ ಕತ್ತಿ ಹಿಡಿದು ಕದಂಬರಾಜ್ಯವನ್ನು ಕಟ್ಟಿದ ಕಥೆಯನ್ನು ಹೇಳುತ್ತದೆ. ಅದೇ ಊರಿನಲ್ಲಿ 2013ರಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರ ಕಾಲದ್ದೆಂದು ಎಣಿಸಿದ್ದಾರೆ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬವನ್ನು ತೋರಿಸಿ, ಈ ಎರಡು ತಲೆಯ ಹಕ್ಕಿಯನ್ನು ಬೇರೆ ಎಲ್ಲಿ ನೋಡಿದ್ದೀರಿ ಎಂದು ಮಕ್ಕಳನ್ನು ಕೇಳಿರಿ. ಸರ್ಕಾರದ ಲಾಂಛನವಿರುವ ಯಾವ ಕಾಗದವಾದರೂ ಚೀಲದಲ್ಲಿದ್ದರೆ ಅನುಕೂಲ. ಅಲ್ಲಿಯ ಕೋಡಿಯ ಮಠದ 1162ರ ಶಾಸನವು ವೇದ, ವ್ಯಾಕರಣಗಳ ಪಾಠದ ಸಂಗಡ ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಹೇಳುವುದರಿಂದ ಉಪಾಧ್ಯಾಯಿನಿಯರಾದ ನಮಗೆ ಆ ಸ್ಥಳದಲ್ಲಿ ವಿಶೇಷ ಮಮತೆ. ಗುಡವಿಯ ಪಕ್ಷಿಧಾಮಕ್ಕೆ ಮಾತ್ರ ಮೇ ತಿಂಗಳಲ್ಲಿ ಹೋಗಬೇಡಿರಿ. ಹಕ್ಕಿಗಳು ಬರುವುದು ಮಳೆಯೊಡನೆ.

ಇನ್ನು ಆ ತಾಯಿಯ ಉತ್ತರ. “ನಾ ಶುಂಠಿ ನಾಟಿಗೆ ಹೋದ್ರೆ ಇವ್ಳನ್ನ ಕರ್ಕಂಡು ಹೋಗೋರು ಯಾರು, ಮೇಡಮ್ಮೋರೆ?” ಎಂದು ಆಕೆ ಕೇಳಿದರು. ನಮಗೆ ಥಟ್ಟನೆ ಮಾತು ಹೊರಡಲಿಲ್ಲ. ಹಣ ಬೇಡವಾದ ಕೆಲಸಗಳಿಗೆಲ್ಲ ದೊಡ್ಡವರೊಬ್ಬರ ಹೊತ್ತು ಬೇಕು. ಕೂಲಿಯ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಅದೇ ಇರುವುದಿಲ್ಲ. ಪಂಚಾಯತಿಯ ಗ್ರಂಥಾಲಯದಲ್ಲಿ 2020ರಿಂದ ಮಕ್ಕಳ ಸದಸ್ಯತ್ವಕ್ಕೆ ಶುಲ್ಕವಿಲ್ಲವೆಂದು ಆಕೆಗೆ ಹೇಳಿದೆವು. ಅದು ಒಳ್ಳೆಯದೇ, ಆದರೆ ಅದು ಉತ್ತರವಲ್ಲ.

ಆದಕಾರಣ ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಕೇಳಿಕೊಳ್ಳುವುದೇನೆಂದರೆ, ನಿಮ್ಮ ಮಕ್ಕಳನ್ನು ಬಳ್ಳಿಗಾವಿಗೆ ಕರೆದೊಯ್ಯುವ ದಿನ ನೆರೆಯ ಕೂಲಿಯವರ ಮನೆಯ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ನಿಮ್ಮ ಅಂಗಳದ ಕೋಲಿನ ನೆರಳಿಗೆ ಅವರೂ ಬೀಜವಿಡಲಿ. ಹೀಗೆ ಮಾಡಲು ಒಪ್ಪುವವರು ತಮ್ಮ ಊರಿನ ಹೆಸರನ್ನು ಮಾರ್ಚ್ ತಿಂಗಳೊಳಗೆ ನಮಗೆ ಬರೆದು ತಿಳಿಸಿದರೆ, ರಜೆ ಕೊಡುವ ದಿನ ಪ್ರಕಟಣೆಯ ಹಲಗೆಯ ಮೇಲೆ ಶಿಬಿರಗಳ ಜಾಹೀರಾತಿನ ಸ್ಥಳದಲ್ಲಿ ಆ ಪಟ್ಟಿಯನ್ನು ಹಚ್ಚಿಸುವೆವು.