ಕಡತ ಮರಳಿ ಬಂದಾಗ: ಅಪ್‌ಲೋಡ್ ಮಿತಿಯ ವಿಚಾರ

ವಿಶ್ರಾಮಬಾಗದ ವಿಲ್ಲಿಂಗ್ಡನ್ ಕಾಲೇಜು ರಂ. ಶ್ರೀ. ಮುಗಳಿಯವರು ಕನ್ನಡ ಪ್ರಾಧ್ಯಾಪಕರಾಗಿದ್ದ ಸಂಸ್ಥೆ. ಇಂಥ ಗಡಿಭಾಗದ ವಿದ್ಯಾಲಯಗಳಲ್ಲಿ ಹಳೆಯ ಕನ್ನಡ ಪುಸ್ತಕಗಳು ಉಳಿಯಬೇಕಾದರೆ ಅವನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವುದು ಒಂದು ದಾರಿ. ಅಲ್ಲಿ ಮೊದಲು ಎದುರಾಗುವ ತೊಡಕು, ‘ಕಡತ ತೀರ ದೊಡ್ಡದು’ ಎಂಬ ನಿರಾಕರಣೆ.

ಆಗ ಚಿತ್ರವನ್ನು ಕುಗ್ಗಿಸುವುದು ಸುಲಭೋಪಾಯವೆನಿಸುತ್ತದೆ. ಆದರೆ ಅತಿಯಾಗಿ ಕುಗ್ಗಿಸಿದ ಪುಟದಲ್ಲಿ ಒತ್ತಕ್ಷರಗಳು ಕಲೆಸಿಹೋಗುತ್ತವೆ. ದಕಾರ-ಧಕಾರಗಳನ್ನು ಬೇರ್ಪಡಿಸುವ ಸಣ್ಣ ಸೀಳು ಅಳಿಯುತ್ತದೆ. ಹಾಗೆ ಅಳಿದ ಪಾಠವನ್ನು ಆ ಚಿತ್ರದಿಂದ ಮರಳಿ ಪಡೆಯಲಾಗದು. ಆದ್ದರಿಂದ ಪುಟವನ್ನು ಕುಗ್ಗಿಸುವ ಮೊದಲು ತಡೆ ಎಲ್ಲಿದೆ ಎಂಬುದನ್ನು ಅರಿಯಬೇಕು.

ಎಂಜಿನ್‌ಎಕ್ಸ್ ಸರ್ವರ್ ಮತ್ತು ಪಿಎಚ್‌ಪಿ ಬಳಸುವ ತಾಣದಲ್ಲಿ ಕಡತವು ಮೂರು ಹೊಸ್ತಿಲುಗಳನ್ನು ದಾಟಬೇಕು. ಮೊದಲನೆಯದು ಎಂಜಿನ್‌ಎಕ್ಸ್‌ನ ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’. ಯಾರೂ ಬದಲಿಸದಿದ್ದರೆ ಅದು 1 ಎಂಬಿ. ಎರಡನೆಯದು ಪಿಎಚ್‌ಪಿಯ ‘ಪೋಸ್ಟ್ ಮ್ಯಾಕ್ಸ್ ಸೈಜ್’, 8 ಎಂಬಿ. ಇದು ಇಡೀ ಅರ್ಜಿಯ ಒಟ್ಟು ಗಾತ್ರಕ್ಕೆ ಸಂಬಂಧಿಸಿದ್ದು. ಮೂರನೆಯದು ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’, 2 ಎಂಬಿ. ಇದು ಒಂದೊಂದು ಕಡತಕ್ಕೆ ಅನ್ವಯಿಸುತ್ತದೆ. ಮೂರರಲ್ಲಿ ಅತಿ ಚಿಕ್ಕದೇ ನಿಜವಾದ ಮಿತಿ. ಒಂದನ್ನು ಮಾತ್ರ ಹೆಚ್ಚಿಸಿ ಫಲ ಕಾಣದಿರುವುದಕ್ಕೆ ಇದೇ ಕಾರಣ.

ಲಕ್ಷಣದಿಂದ ತಡೆಯನ್ನು ಗುರುತಿಸಬಹುದು. ‘413’ ಎಂಬ ಸಂಖ್ಯೆ ಕಂಡರೆ ಸಾಮಾನ್ಯವಾಗಿ ಮೊದಲ ಹೊಸ್ತಿಲಲ್ಲೇ ತಡೆಯಾಗಿದೆ. ಕಡತದೊಡನೆ ತುಂಬಿದ ಹೆಸರು, ಶೀರ್ಷಿಕೆಗಳೂ ಸರ್ವರಿಗೆ ಸಿಗದೆ ಹೋಗಿದ್ದರೆ ಎರಡನೆಯದನ್ನು ಪರೀಕ್ಷಿಸಬೇಕು. ಅವು ಸಿಕ್ಕು ಕಡತವೊಂದೇ ಬಿಟ್ಟುಹೋಗಿದ್ದರೆ ಮೂರನೆಯದನ್ನು ನೋಡಬೇಕು. ಮಿತಿಯನ್ನು ಬದಲಿಸಿದ ಬಳಿಕ ಸರ್ವರ್ ಮತ್ತು ಪಿಎಚ್‌ಪಿ ಹೊಸ ಸೂಚನೆಯನ್ನು ಓದುವಂತೆ ಮಾಡಲು ಮರೆಯಬಾರದು. ಮಿತಿಯನ್ನು ಪೂರ್ತಿ ತೆಗೆಯುವುದೂ ಸಲ್ಲದು. ದುರುದ್ದೇಶದ ಭಾರೀ ಕಡತಗಳಿಂದ ಸರ್ವರನ್ನು ಕಾಯುವುದು ಅದೇ.

ಭಾರವು ಭಾಷೆಯದಲ್ಲ, ಚಿತ್ರದ್ದು ಎಂಬುದೂ ಗಮನಾರ್ಹ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಸ್ತ್ರೀ’ ಎಂಬುದರಲ್ಲಿ 6 ಸಂಕೇತಗಳು, ಅಂದರೆ 18 ಬೈಟ್. ಹೀಗೆ 2 ಎಂಬಿಯಲ್ಲಿ ಸುಮಾರು 7 ಲಕ್ಷ ಸಂಕೇತಗಳು ಹಿಡಿಯುತ್ತವೆ. ಒಂದು ದೊಡ್ಡ ಗ್ರಂಥಕ್ಕೂ ಅದು ಸಾಕಾದೀತು. 300 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಒಂದೇ ಎ-4 ಪುಟವಾದರೋ, ಸಂಕೋಚಿಸುವ ಮೊದಲು ಸುಮಾರು 25 ಎಂಬಿ.

ಮಿತಿಯನ್ನು ಹೆಚ್ಚಿಸುವ ಅಧಿಕಾರವಿಲ್ಲದವರು ತಡೆಯ ಲಕ್ಷಣವನ್ನೂ ಕಡತದ ಗಾತ್ರವನ್ನೂ ತಾಣದ ನಿರ್ವಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಅದೂ ಆಗದಿದ್ದರೆ ಪುಸ್ತಕವನ್ನು ಅಧ್ಯಾಯಗಳಾಗಿ ಒಡೆದು ಏರಿಸುವುದು ಲೇಸು. ಏನೇ ಮಾಡಿದರೂ ಮೂಲ ಸ್ಕ್ಯಾನ್ ಪ್ರತಿಯನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು. ಮಿತಿಯನ್ನು ಎಂದಾದರೂ ಬದಲಿಸಬಹುದು. ಅಳಿದ ಅಕ್ಷರವನ್ನು ತರಲಾಗದು.