ರಮೇಶನ ತಮ್ಮ ಸುರೇಶ

ಒಡಹುಟ್ಟಿದವರ ಹೆಸರುಗಳನ್ನು ಒಂದಕ್ಕೊಂದು ಹೊಂದಿಸಿ ಇಡುವ ಆಸೆ ಪುರಾಣಗಳಷ್ಟೇ ಹಳೆಯದು. ಕಾಶೀರಾಜನ ಮೂವರು ಹೆಣ್ಣುಮಕ್ಕಳು ಅಂಬೆ, ಅಂಬಿಕೆ, ಅಂಬಾಲಿಕೆ. ಒಂದೇ ಪದವನ್ನು ಎಳೆದೆಳೆದು ಮೂರು ಮಾಡಿದಂತಿದೆ. ಆದಿಪರ್ವದ ಕೌರವರ ಪಟ್ಟಿಯಲ್ಲಿ ದುರ್ಯೋಧನ, ದುಃಶಾಸನ, ದುಸ್ಸಹ, ದುರ್ಮರ್ಷಣ ಎಂದು ಸಾಲು ಹೊರಡುತ್ತದೆ. ಒಬ್ಬಳೇ ತಂಗಿಯೂ ದುಃಶಲೆ. ಇಲ್ಲಿನ ‘ದುಃ’ ಹೆಚ್ಚಾಗಿ ಕೆಟ್ಟದ್ದನ್ನಲ್ಲ, ಕಷ್ಟವನ್ನು ಹೇಳುತ್ತದೆ: ಕಾಳಗದಲ್ಲಿ ಎದುರಿಸಲು ಕಷ್ಟವಾದವನು ದುರ್ಯೋಧನ. ನೂರು ಮಂದಿಗೆ ಅದೊಂದೇ ಸಾಲದೆ ವಿಂದ–ಅನುವಿಂದ, ನಂದ–ಉಪನಂದ, ಚಿತ್ರ–ಉಪಚಿತ್ರ ಎಂಬ ಜೋಡಿಗಳೂ ಬರುತ್ತವೆ. ಹೆಸರು ಹುಡುಕಿ ಸುಸ್ತಾದ ಕವಿಯ ಪಾಡು ಅಲ್ಲಿ ಕಾಣದೆ ಇರದು.

ಲವ–ಕುಶರ ಜೋಡಿಗೆ ಒಂದು ಕಾರಣವೇ ಇದೆ. ರಾಮಾಯಣದ ಉತ್ತರಕಾಂಡದ ಪ್ರಕಾರ, ಹುಟ್ಟಿದ ಕೂಸುಗಳಿಗೆ ರಕ್ಷೆಯಾಗಲೆಂದು ವಾಲ್ಮೀಕಿ ಮಂತ್ರಿಸಿದ ದರ್ಭೆ ಕೊಟ್ಟರು. ಹುಲ್ಲಿನ ತುದಿಯಿಂದ ಸವರಿದ ಹಿರಿಯ ಕೂಸು ಕುಶ, ಬುಡದ ಭಾಗವಾದ ಲವದಿಂದ ಸವರಿದ್ದು ಲವ. ಒಂದೇ ಹುಲ್ಲಿನ ಎರಡು ತುಂಡು. ಕಥಾಸರಿತ್ಸಾಗರದಲ್ಲಿ ಮಾತ್ರ ಲವನೇ ಹಿರಿಯ. ಅವನು ಕಾಣೆಯಾದನೆಂದು ಗಾಬರಿಯಾಗಿ ವಾಲ್ಮೀಕಿ ದರ್ಭೆಯಿಂದ ಮಾಡಿದ ಇನ್ನೊಂದು ಮಗು ಕುಶ. ಅವಳಿ ಗಂಡುಮಕ್ಕಳಿಗೆ ಇಂದಿಗೂ ಲವ–ಕುಶ ಇಲ್ಲವೇ ರಾಮ–ಲಕ್ಷ್ಮಣ ಎಂದು ಇಡುತ್ತಾರೆ. ರಾಮಾಯಣದಲ್ಲಿ ಲಕ್ಷ್ಮಣನ ಅವಳಿ ಶತ್ರುಘ್ನ ಎಂಬುದು ಯಾರಿಗೂ ಅಡ್ಡಿಯಾಗಿಲ್ಲ.

ಪುರಾಣದಲ್ಲಿದ್ದ ಈ ಬಗೆ ಸಾಮಾನ್ಯರ ಮನೆಯಲ್ಲಿ ನೆಲೆಯೂರಲು ತಡವಾಯಿತು. ಅಲ್ಲಿ ಹೆಸರು ಆರಿಸಿಕೊಳ್ಳುವ ವಸ್ತುವೇ ಆಗಿರಲಿಲ್ಲ. ಮೊದಲ ಮಗನಿಗೆ ತಂದೆಯ ತಂದೆಯದು, ಆಮೇಲಿನವರಿಗೆ ತಾಯಿಯ ಕಡೆಯ ಹಿರಿಯರದು ಅಥವಾ ಮನೆದೇವರದು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿರಲಿಲ್ಲ. ಹೀಗಾಗಿ ಅವನ ಹೆಸರು ಹೊತ್ತ ಮೊಮ್ಮಗ ಮನೆಯಲ್ಲಿ ಪುಟ್ಟನೋ ಅಪ್ಪಾಜಿಯೋ ಆಗುತ್ತಿದ್ದ. ಉಳಿದವರಿಗೆ ಸಂದರ್ಭವೇ ಹೆಸರು ಕೊಡುತ್ತಿತ್ತು: ದೊಡ್ಡಯ್ಯ, ಚಿಕ್ಕಯ್ಯ, ಹಿಂದಿನ ಮಕ್ಕಳು ಉಳಿಯದೆ ಹೋಗಿದ್ದರೆ ದೃಷ್ಟಿ ತಾಗದಿರಲೆಂದು ತಿಪ್ಪಯ್ಯ, ಹೆಣ್ಣುಮಕ್ಕಳ ಸಾಲು ಸಾಕೆನಿಸಿದಾಗ ಸಾಕಮ್ಮ.

ಇದರ ಮೇಲೆ ಶಾಸ್ತ್ರ. ಗಂಡಿಗೆ ಎರಡೋ ನಾಲ್ಕೋ ಅಕ್ಷರದ ಹೆಸರು, ಹೆಣ್ಣಿಗೆ ಬೆಸ ಸಂಖ್ಯೆಯ ಅಕ್ಷರಗಳ, ಆಕಾರದಲ್ಲಿ ಮುಗಿಯುವ ಹೆಸರು ಎಂದು ಪಾರಸ್ಕರ ಗೃಹ್ಯಸೂತ್ರ ಹೇಳುತ್ತದೆ. ಪಂಚಾಂಗದ ಲೆಕ್ಕದಲ್ಲಿ ನಕ್ಷತ್ರದ ಒಂದೊಂದು ಪಾದಕ್ಕೂ ಒಂದು ಅಕ್ಷರ. ಅಶ್ವಿನಿಗೆ ಚು, ಚೆ, ಚೋ, ಲ. ಅಣ್ಣನದು ಅಶ್ವಿನಿ, ತಮ್ಮನದು ರೋಹಿಣಿಯಾದರೆ ಮೊದಲಕ್ಷರ ಕೂಡುವ ಮಾತೇ ಇಲ್ಲ. ಹಸ್ತಾ ನಕ್ಷತ್ರದ ಮೂರನೆಯ ಪಾದಕ್ಕಂತೂ ‘ಣ’ ಬರುತ್ತದೆ. ಇಂಥ ಬಿಕ್ಕಟ್ಟಿಗೆ ಮನೆಗಳು ಕಂಡುಕೊಂಡ ದಾರಿ ಸುಲಭದ್ದು: ಜಾತಕಕ್ಕೆ ಒಂದು ಹೆಸರು, ಕರೆಯಲು ಇನ್ನೊಂದು.

ಕರೆಯುವ ಹೆಸರು ಹೀಗೆ ಬಿಡುಗಡೆಯಾದ ಮೇಲೆ, ಇಪ್ಪತ್ತನೆಯ ಶತಮಾನದಲ್ಲಿ, ಶಾಲೆಯ ದಾಖಲಾತಿಗಳಲ್ಲಿ ಅಪ್ಪ–ಅಯ್ಯಗಳು ತೆಳುವಾಗಿ ರಮೇಶ, ಸುರೇಶ, ಮಹೇಶ, ದಿನೇಶರು ತುಂಬಿಕೊಂಡರು. ಇದರ ಗುಟ್ಟು ಸಂಧಿಯಲ್ಲಿದೆ. ರಮಾ, ಸುರ, ಮಹಾ, ದಿನ ಯಾವುದೇ ಇರಲಿ, ಮುಂದೆ ‘ಈಶ’ ಬಂದರೆ ಗುಣಸಂಧಿಯಾಗಿ ‘ಏಶ’ ಎಂದೇ ಮುಗಿಯುತ್ತದೆ. ಅರ್ಥ ನೋಡಿದರೆ ರಮೇಶ ವಿಷ್ಣು, ಸುರೇಶ ಇಂದ್ರ, ಮಹೇಶ ಶಿವ, ದಿನೇಶ ಸೂರ್ಯ. ಪ್ರಾಸ ಒಂದೇ, ದೇವರು ನಾಲ್ವರು. ಗಿರೀಶ, ಸತೀಶರದು ಸವರ್ಣದೀರ್ಘಸಂಧಿ, ಆದರೂ ಅದೇ ಬಳಗದಲ್ಲಿ ನಡೆದುಹೋಗುತ್ತದೆ. ಹುಡುಗಿಯರಲ್ಲಿ ಆಶಾ, ಉಷಾ, ನಿಶಾ. ಬಯಕೆ, ಬೆಳಗು, ಇರುಳು — ಅರ್ಥದಲ್ಲಿ ನಂಟಿಲ್ಲ. ನಡುವಿನವಳದು ‘ಷ’, ಉಳಿದಿಬ್ಬರದು ‘ಶ’. ಆಡುಗನ್ನಡದ ಕಿವಿಗೆ ಆ ಭೇದ ಕೇಳಿಸುವುದಿಲ್ಲವಾದ್ದರಿಂದ ಪ್ರಾಸ ಕೆಡಲಿಲ್ಲ.

ನದಿಗಳ ಹೆಸರಿನ ಅಕ್ಕತಂಗಿಯರದು ಬೇರೆ ಕಥೆ. ನಕ್ಷತ್ರ, ಮರ, ನದಿ, ಹಕ್ಕಿಗಳ ಹೆಸರಿನ ಹೆಣ್ಣನ್ನು ಮದುವೆಯಾಗಬಾರದು ಎಂದು ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿದೆ. ಗಂಗಾ, ಯಮುನಾ, ತುಂಗಾ, ಕಾವೇರಿಯರನ್ನು ತುಂಬಿಕೊಂಡ ಮನೆಗಳು ಆ ಮಾತಿಗೆ ಕಿವಿಗೊಡಲಿಲ್ಲ. ರೋಹಿಣಿ, ರೇವತಿಯರಿಗೂ ಗಂಡು ಸಿಕ್ಕಿತು. ಈ ಬಗೆಯಲ್ಲಿ ತೊಡಕು ಬರುವುದು ಮೂರನೆಯದು ಗಂಡಾದಾಗ. ಎಲ್ಲ ನದಿಗಳೂ ಸೇರುವ ಜಾಗವೆಂದು ಅವನಿಗೆ ಸಾಗರ ಎಂದಿಟ್ಟು ಪಾರಾಗಬಹುದು.

ಬಂಗಾಳದ ಭದ್ರಲೋಕವೆಂಬ ವಿದ್ಯಾವಂತ ಮೇಲ್ವರ್ಗದಲ್ಲಿ ಹೀಗೆ ಹೆಸರು ಹೊಂದಿಸುವುದು ಮೊದಲೇ ವ್ಯವಸ್ಥಿತವಾಗಿತ್ತು. ದೇವೇಂದ್ರನಾಥ ಠಾಕೂರರ ಮಕ್ಕಳು ದ್ವಿಜೇಂದ್ರನಾಥ, ಸತ್ಯೇಂದ್ರನಾಥ, ಹೇಮೇಂದ್ರನಾಥ, ಜ್ಯೋತಿರಿಂದ್ರನಾಥ, ಸೋಮೇಂದ್ರನಾಥ, 1861ರಲ್ಲಿ ಹುಟ್ಟಿದ ರವೀಂದ್ರನಾಥ. ಹೆಣ್ಣುಮಕ್ಕಳಲ್ಲಿ ಸುಕುಮಾರಿ, ಶರತ್ಕುಮಾರಿ, ಸ್ವರ್ಣಕುಮಾರಿ, ವರ್ಣಕುಮಾರಿ. ತಂದೆಯ ‘ಇಂದ್ರನಾಥ’ ಗಂಡುಮಕ್ಕಳಿಗೆಲ್ಲ ಬಾಲವಾಗಿ ಉಳಿಯಿತು, ಮೊದಲಿನ ಪದವಷ್ಟೇ ಬದಲಾಯಿತು. ಇವರಲ್ಲಿ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥರೂ ಬಂದು ತಂಗಿದ್ದರು; ಅಲ್ಲಿನ ಕಡಲತೀರಕ್ಕೆ ಇಂದು ರವೀಂದ್ರರದೇ ಹೆಸರು.

ಕನ್ನಡದಲ್ಲಿ, ಬಂದ ಹೆಸರಿನಿಂದ ಆರಿಸಿದ ಹೆಸರಿನ ಕಡೆಗಿನ ತಿರುವನ್ನು ಒಂದೇ ಮನೆತನದಲ್ಲಿ ನೋಡಬೇಕೆಂದರೆ ಕುಪ್ಪಳಿಗೆ ಹೋಗಬೇಕು. ತಂದೆ ವೆಂಕಟಪ್ಪ, ದೇವರ ಹೆಸರು. ಮಗ ಪುಟ್ಟಪ್ಪ, ಮುದ್ದಿನ ಹೆಸರು. ಆ ಪುಟ್ಟಪ್ಪ ಕುವೆಂಪು ಆಗಿ ತನ್ನ ಮಕ್ಕಳಿಗೆ ಇಟ್ಟದ್ದು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಹಿರಿಯ ಮಗ ತುಂಬಿದ ಚಂದ್ರ, ಮಗಳು ಚಂದ್ರನ ಒಂದು ಕಲೆ, ನಡುವೆ ಕೋಗಿಲೆ ಕೂಗುವ ಚೈತ್ರಮಾಸ. ತಾರಿಣಿ ಎಂದರೆ ದಾಟಿಸುವವಳು. ರಾಮಕೃಷ್ಣ ಪರಮಹಂಸರು ಪೂಜಿಸಿದ ಭವತಾರಿಣಿ ನೆನಪಾಗುತ್ತಾಳೆ. ಪ್ರಾಸವಿಲ್ಲ, ಸಮಾನ ಅಕ್ಷರವಿಲ್ಲ, ಆದರೂ ಒಬ್ಬ ಕವಿಯ ಕೈಯಿಂದ ಬಂದ ಹೆಸರುಗಳೆಂದು ಕೂಡಲೇ ತಿಳಿಯುತ್ತದೆ. ಅವರ ಮೈಸೂರಿನ ಮನೆಯ ಹೆಸರು ‘ಉದಯರವಿ’ ಎಂಬುದನ್ನೂ ಸೇರಿಸಿದರೆ ಸೂರ್ಯನೂ ಲೆಕ್ಕಕ್ಕೆ ಬಂದ.

ಈಗ ಹೆಚ್ಚು ಚಾಲ್ತಿಯಲ್ಲಿರುವುದು ಒಂದೇ ಮೊದಲಕ್ಷರದ ಕ್ರಮ. ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಹಾಕಿಕೊಳ್ಳುವ ಕಡೆ ಇದರಿಂದ ಸಣ್ಣ ಪೇಚಾಟವೂ ಇದೆ: ಅಣ್ಣತಮ್ಮಂದಿರಿಬ್ಬರ ಹೆಸರಿನ ಸಂಕ್ಷೇಪ ಒಂದೇ ಆಗಿ, ಅಂಚೆಯವನು ತಂದ ಲಕೋಟೆಯನ್ನು ಯಾರು ಒಡೆಯಬೇಕೆಂಬ ಪ್ರಶ್ನೆ ಏಳುತ್ತದೆ. ಹೊಂದುವ ಹೆಸರು ಬೇಗ ಹೊಳೆಯದಿದ್ದರೆ ಕಾನೂನು ಅವಸರ ಮಾಡುವುದಿಲ್ಲ. 1969ರ ಜನನ–ಮರಣ ನೋಂದಣಿ ಕಾಯ್ದೆಯಂತೆ ಹೆಸರಿಲ್ಲದೆಯೂ ಜನನ ದಾಖಲಾಗುತ್ತದೆ. ನಿಯಮಗಳ ಪ್ರಕಾರ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು.